ಎರಡಕ್ಕೆ ಇನ್ನೂ ಹತ್ತು ನಿಮಿಷ

೪ ಆಗಸ್ಟ್

ದೊಡ್ಡಮ್ಮನಿಗೆ ನಿಮ್ಮ ಕತ್ತರಿಯ ನಮಸ್ಕಾರಗಳು.

ಈ ಪತ್ರದ ಜೊತೆ ಒಂದು ಪಾರ್ಸೆಲ್ ಬರುತ್ತದೆ. ಮೊದಲು ಪತ್ರ ಓದಿ, ಆಮೇಲೆ ಪಾರ್ಸೆಲ್ ಬಿಚ್ಚಿ. ನೀವು ಹಾಗೆ ಮಾಡುವವರಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಸಿದ್ಧ ಉಡುಪಿನ ಕಾರ್ಖಾನೆಯ ಕೆಲಸ ಬಿಟ್ಟೆ. ಹನ್ನೊಂದು ವರ್ಷ ಕಟಿಂಗ್ ಟೇಬಲ್ಲಿನ ಮುಂದೆ ನಿಂತು, ಬೇರೆಯವರು ಎಳೆದುಕೊಟ್ಟ ಗೆರೆಯ ಮೇಲೆ ಕತ್ತರಿ ಆಡಿಸಿದ್ದು ಸಾಕೆನಿಸಿತು. ಹೊರಡುವ ದಿನ ನಮ್ಮ ಕಟಿಂಗ್ ಮಾಸ್ಟರ್, "ಏನಮ್ಮಾ, ಸ್ವಂತದ್ದಾ? ಏನು ಹೊಲೀತೀಯ?" ಎಂದರು. "ಹಳೇ ಕಾಲದ ಅಂಗಿ," ಎಂದೆ. "ಹಳೇ ಕಾಲದವರೇ ಬಿಚ್ಚಿ ಬಿಸಾಕಿ ಆಯ್ತಲ್ಲೇ ಅದನ್ನ!" ಎಂದು ಹೊಟ್ಟೆ ಹಿಡಿದು ನಕ್ಕರು. ಓವರ್‌ಲಾಕ್ ಮಿಷನ್ನಿನವಳು ತಲೆಯೆತ್ತದೆ, "ಬಿಸಾಕಿದ್ದನ್ನೇ ಅಲ್ವಾ ಮಾಸ್ಟ್ರೇ ಈಗ ಜನ ಹುಡುಕ್ಕೊಂಡು ಓಡಾಡ್ತಿರೋದು," ಎಂದಳು.

ನಿಜವಾಗಿಯೂ ಹುಡುಕುತ್ತಿದ್ದಾರೆ, ದೊಡ್ಡಮ್ಮ. ಇದಕ್ಕೆ ರೆಟ್ರೊ ಎನ್ನುತ್ತಾರೆ. ಅಜ್ಜಿಯರ ಕಾಲದ ಕಾಲರು, ತಾಯಂದಿರ ಕಾಲದ ತೋಳು, ಯಾವುದನ್ನು ತೂಗುಹಾಕಿದರೂ ಹೆಂಗಸರು ನಿಂತು ನೋಡುತ್ತಾರೆ. ನನಗೆ ಮಾತ್ರ ಹುಡುಕುವ ಕೆಲಸವಿರಲಿಲ್ಲ. ಅಜ್ಜಿಯ ಹಜಾರದಲ್ಲಿದ್ದ ಆ ಫೋಟೋ ಈಗ ನಮ್ಮ ಮನೆಯ ಗೋಡೆಯ ಮೇಲಿದೆಯಲ್ಲ: ಟೆಲಿಫೋನ್ ಎಕ್ಸ್‌ಚೇಂಜಿನ ಉದ್ದನೆಯ ಬೋರ್ಡುಗಳು, ಅವುಗಳ ಮುಂದೆ ನಮಗೆ ಬೆನ್ನು ಮಾಡಿ ಕುಳಿತ ಹನ್ನೊಂದು ಹೆಂಗಸರು, ಮೇಲೆ ಅಂಕಿಗಳ ಬದಲು ಬರೀ ಗೆರೆಗಳಿರುವ ದುಂಡು ಗಡಿಯಾರ. ಒಬ್ಬರ ಮುಖವೂ ಕಾಣುವುದಿಲ್ಲ. ಆದರೆ ಎಲ್ಲರ ಮೈಮೇಲೂ ಒಂದೇ ಬಗೆಯ ಅಂಗಿ. ಗುಂಡಿಗಳು ಮುಂದೆ ಅಲ್ಲ, ಭುಜದಿಂದ ಬೆನ್ನಿನ ಕಡೆಗೆ ಇಳಿಯುತ್ತವೆ, ಮೂರೇ ಮೂರು. ಅಂಥ ಮಾದರಿಯನ್ನು ಈ ಹನ್ನೊಂದು ವರ್ಷದಲ್ಲಿ ನಾನು ಎಲ್ಲಿಯೂ ನೋಡಿಲ್ಲ. ಮತ್ತೆ ಎಡದಿಂದ ಮೂರನೆಯ ಕುರ್ಚಿಯಲ್ಲಿ ನೀವು. ಉಳಿದ ಹತ್ತು ಜನರೂ ಬಾಗಿದ್ದಾರೆ. ನೀವೊಬ್ಬರೇ ಕೈಯೆತ್ತಿ ತಂತಿ ಸಿಕ್ಕಿಸುತ್ತಾ ಗೋಡೆಯ ಹಾಗೆ ನೆಟ್ಟಗೆ ಕುಳಿತಿದ್ದೀರಿ.

ಆ ಅಂಗಿಯನ್ನೇ ಕತ್ತರಿಸಿದ್ದೇನೆ. ಮೊದಲನೆಯದು ನಿಮ್ಮ ಅಳತೆಯದು. ಗಡಿಯಾರ ಹತ್ತು ಗಂಟೆ ಹತ್ತು ನಿಮಿಷ ತೋರಿಸುತ್ತಿದೆಯಾದ್ದರಿಂದ ನನ್ನ ಅಂಗಡಿಗೆ 'ಹತ್ತೂ ಹತ್ತು' ಎಂದೇ ಹೆಸರಿಟ್ಟೆ. ಆ ಬೆಳಗಿನ ಬಗ್ಗೆ ಬರೆಯಿರಿ. ಇದನ್ನೆಲ್ಲ ಮಾತಿನಲ್ಲೇ ಹೇಳಬಹುದಿತ್ತು. ಆದರೆ ಮೂವತ್ತೊಂದು ವರ್ಷ ಊರವರ ಮಾತನ್ನೆಲ್ಲ ಬಲಗಿವಿಯಲ್ಲಿ ದಾಟಿಸಿ, ಕೊನೆಗೆ ಆ ಕಿವಿಯನ್ನೇ ಕೆಲಸಕ್ಕೆ ಬಿಟ್ಟುಬಂದ ನೀವು ಫೋನೆಂದರೆ ಮುಖ ತಿರುಗಿಸುತ್ತೀರಿ.

ಅಮ್ಮ ಕೇಳಿದಳೆಂದು ಹೇಳು ಎನ್ನುತ್ತಿದ್ದಾಳೆ. ಹೇಳಿದೆ.

ನಿಮ್ಮ
ಕತ್ತರಿ


೨೬ ಆಗಸ್ಟ್

ಚಿರಂಜೀವಿ ಕತ್ತರಿಗೆ ಆಶೀರ್ವಾದಗಳು.

ಪಾರ್ಸೆಲ್ಲನ್ನೇ ಮೊದಲು ಬಿಚ್ಚಿದೆ.

ಹೊಲಿಗೆ ಚೆನ್ನಾಗಿದೆ. ಕಂಕುಳಿನ ತಿರುವಿನಲ್ಲಿ ಎಳೆತವಿಲ್ಲ. ಗುಂಡಿ ತೂರಿಸುವ ಕಾಜಗಳನ್ನು ಕೈಯಲ್ಲೇ ಹಾಕಿರುವುದನ್ನು ಗಮನಿಸಿದ್ದೇನೆ. ಕೆಳಗಿನ ಮಡಿಕೆ ಅರ್ಧ ಬೆರಳಷ್ಟು ಕಡಿಮೆಯಾಗಿದೆ. ಒಗೆದರೆ ಸುರುಳಿ ಸುತ್ತುತ್ತದೆ. ಹಾಕಿಕೊಂಡು ನೋಡಿಲ್ಲ. ಬಿಸಿಲು ಹೆಚ್ಚು.

ಭುಜದ ಗುಂಡಿಯ ಕಾರಣ ನಿನಗೆ ತಿಳಿದಂತಿಲ್ಲ. ಆ ದಿನಗಳಲ್ಲಿ ನಮ್ಮ ಮಾತಿನ ಕೊಳವೆ ಕುತ್ತಿಗೆಯ ಪಟ್ಟಿಯಿಂದ ಎದೆಯ ಮೇಲೆ ತೂಗುತ್ತಿತ್ತು. ಕಚೇರಿಯವರು ಕೊಟ್ಟ ಅಂಗಿಗೆ ಗುಂಡಿಗಳು ಮುಂದಿದ್ದವು. ಉಸಿರು ಎಳೆದಾಗಲೊಮ್ಮೆ ಗುಂಡಿಯೂ ಕೊಳವೆಯೂ ತಾಗಿ ಟಕ್ಕೆನ್ನುತ್ತಿತ್ತು. "ನಿಮ್ಮಲ್ಲಿ ಯಾರೋ ಹಲ್ಲು ಕಡೀತಾರೆ" ಎಂದು ಗಿರಾಕಿಗಳು ದೂರು ಕೊಟ್ಟರು. ದೂರಿಗೆ ಉತ್ತರ ಬರೆಯಬೇಕಾದವರು ನಾವು. ಹೀಗಾಗಿ ಗುಂಡಿ ಭುಜಕ್ಕೆ ಹೋಯಿತು. ಅದು ಅಂದಕ್ಕಾಗಿ ಅಲ್ಲ, ಸದ್ದಡಗಿಸಲು.

ನೀನು 'ಆ ಬೆಳಗು' ಎಂದು ಬರೆದಿರುವೆ. ಬೆಳಗಿನ ಹತ್ತು ಗಂಟೆಯೆಂದರೆ ನಮ್ಮಲ್ಲಿ ಕೆಮ್ಮಲೂ ಬಿಡುವಿರುತ್ತಿರಲಿಲ್ಲ. ಅದು ಹಾಗಿರಲಿ.

ನನ್ನದೊಂದು ಪ್ರಶ್ನೆ. ಅದು ದುಡಿಮೆಯ ಅಂಗಿ. ಬೆವರಿನ, ಬೈಗುಳದ ಅಂಗಿ. ಅದನ್ನು ಅಂಗಡಿಯಲ್ಲಿ ಕೊಂಡು ತೊಡುವ ನಿನ್ನ ಹೆಣ್ಣುಮಕ್ಕಳು ಯಾರಾಗಬೇಕೆಂದುಕೊಂಡಿದ್ದಾರೆ? ಯೋಚಿಸಿ ಉತ್ತರಿಸು. 'ಈಗ ಅದೇ ನಡೀತಿದೆ' ಎಂಬುದು ಉತ್ತರವಲ್ಲ.

ನಿನ್ನ
ದೊಡ್ಡಮ್ಮ


೨ ಸೆಪ್ಟೆಂಬರ್

ದೊಡ್ಡಮ್ಮನಿಗೆ ನಮಸ್ಕಾರಗಳು.

'ಹೊಲಿಗೆ ಚೆನ್ನಾಗಿದೆ' ಎಂಬ ಎರಡು ಪದಗಳನ್ನು ಅಮ್ಮನಿಗೆ ಮೂರು ಸಲ ಓದಿ ಹೇಳಿದೆ. "ಅಕ್ಕ ಹಾಗೆ ಬರೆದಿದಾಳಾ? ಕೊಡು ಇಲ್ಲಿ," ಎಂದು ಕನ್ನಡಕ ಹಾಕಿಕೊಂಡು ತಾನೇ ಓದಿದಳು.

ನಿಮ್ಮ ಪ್ರಶ್ನೆಯನ್ನು ನಾಲ್ಕು ದಿನ ಹೊತ್ತುಕೊಂಡು ಓಡಾಡಿದೆ. ಉತ್ತರ ನನ್ನ ಬಳಿ ಇಲ್ಲ, ಮುಂಭಾಗದ ಕೋಣೆಯಲ್ಲಿ ನಾನಿಟ್ಟಿರುವ ಆಳೆತ್ತರದ ಕನ್ನಡಿಯ ಬಳಿ ಇದೆ. ಬೇರೆ ಅಂಗಿ ತೊಟ್ಟವರು ಕನ್ನಡಿಗೆ ಎದೆ ಕೊಟ್ಟು ನಿಲ್ಲುತ್ತಾರೆ. ಈ ಅಂಗಿ ತೊಟ್ಟವರು ಬೆನ್ನು ಕೊಟ್ಟು ನಿಂತು, ಕತ್ತು ಹೊರಳಿಸಿ ನೋಡಿಕೊಳ್ಳುತ್ತಾರೆ. ಹೊರಳಿಸಿದಾಗ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂರುವ ಒಬ್ಬಳು ಹೇಳಿದಳು: "ಅಕ್ಕಾ, ಕೌಂಟರಿಗೆ ಬರೋರೆಲ್ಲ ನನ್ನ 'ಏ ಮಗೂ' ಅಂತಾರೆ. ಇದನ್ನ ಹಾಕ್ಕೊಂಡ್ರೆ ಅನ್ನಲ್ಲ ನೋಡಿ." ಐವತ್ತು ದಾಟಿದ ಗ್ರಂಥಪಾಲಕಿಯೊಬ್ಬರು ತುಂಬ ಹೊತ್ತು ನಿಂತಿದ್ದು, "ನಮ್ಮಮ್ಮ ಕೆಲಸಕ್ಕೆ ಹೋಗ್ತಿದ್ರೆ ಹೀಗಿರ್ತಿದ್ರು," ಎಂದರು. ಅವರ ತಾಯಿ ಎಂದೂ ಕೆಲಸಕ್ಕೆ ಹೋದವರಲ್ಲವಂತೆ.

ಇವರೆಲ್ಲ ಹಿಂದಿನ ಕಾಲಕ್ಕೆ ಹೋಗಬೇಕೆನ್ನುವವರಲ್ಲ, ದೊಡ್ಡಮ್ಮ. ತಮಗಿಂತ ಮುಂಚೆ ಒಬ್ಬಳು ಹೀಗೆ ಕುಳಿತಿದ್ದಳು ಎಂಬ ಒಂದು ಸಾಕ್ಷಿ ಸಿಕ್ಕರೆ ಸಾಕು ಅವರಿಗೆ. ನನಗೂ ಅಷ್ಟೇ. ಮಾಸ್ಟರ್ ಎಲ್ಲರೆದುರು ಟೇಪನ್ನು ನನ್ನ ಮುಖಕ್ಕೆಸೆದ ದಿನ ಮನೆಗೆ ಬಂದು ಆ ಫೋಟೋದ ಕೆಳಗೆ ಕುಳಿತು ಊಟ ಮಾಡಿದ್ದೆ. ಮರುದಿನ ಕೆಲಸಕ್ಕೆ ಹೋದೆ. ನಾವೆಲ್ಲ ಯಾರಾಗಬೇಕು ಎಂದು ಕೇಳಿದಿರಿ. ನೀವೇ ಆಗಬೇಕು.

ಇನ್ನೊಂದು ಸುದ್ದಿ. ಪೇಟೆಯ ದೊಡ್ಡ ಉಡುಪಿನ ಅಂಗಡಿಯ ಖರೀದಿ ವಿಭಾಗದ ಮೇಡಂ ಬಂದು ನೋಡಿ ಮೊದಲಿಗೆ ಅರವತ್ತು ಅಂಗಿ ಕೇಳಿದ್ದಾರೆ. ಅವು ಮುಗಿದರೆ ಇನ್ನೂ ನೂರ ಇಪ್ಪತ್ತು. ಅಂಗಿಯ ಕುತ್ತಿಗೆಯ ಹಿಂದೆ ಹೊಲಿಯುವ ಲೇಬಲ್ ಪಟ್ಟಿ ಮುದ್ರಿಸಲು ಕೊಟ್ಟಾಯಿತು: ನಿಮ್ಮ ಬೆನ್ನಿನ ಗೆರೆಚಿತ್ರ, ಮೇಲೆ ಪುಟ್ಟ ಗಡಿಯಾರ. ನನ್ನ ಅಂಗಿ ತೊಟ್ಟವರ ಕತ್ತಿನ ಹಿಂದೆಲ್ಲ ಇನ್ನು ಮುಂದೆ ನೀವೇ ಕೂರುತ್ತೀರಿ.

ನಿಮ್ಮ
ಕತ್ತರಿ


೩೦ ಸೆಪ್ಟೆಂಬರ್

ದೊಡ್ಡಮ್ಮನಿಗೆ ನಮಸ್ಕಾರಗಳು.

ಕಳೆದ ಪತ್ರಕ್ಕೆ ಉತ್ತರ ಬರಲಿಲ್ಲ. ಆರೋಗ್ಯವಾಗಿದ್ದೀರಿ ತಾನೆ? ನಿಮ್ಮ ಎದುರುಮನೆಯ ಔಷಧಿ ಅಂಗಡಿಯವರಿಗೆ ಅಮ್ಮ ಫೋನು ಮಾಡಿದ್ದಳು. "ಅವರಾ? ನಿನ್ನೆ ತಾನೇ ನನ್ನ ಬೋರ್ಡಿನಲ್ಲಿ ತಪ್ಪು ಹುಡುಕಿ ತಿದ್ದಿಸಿಹೋದರು," ಎಂದರಂತೆ. ಸಮಾಧಾನವಾಯಿತು.

ನನಗೊಂದು ತೊಂದರೆ ಬಂದಿದೆ. ಅಂಗಿಯ ಮೂರನೆಯ ಗುಂಡಿ ಯಾರಿಗೂ ಎಟುಕುತ್ತಿಲ್ಲ. ಮೊದಲನೆಯದು ಹೇಗೋ ಆಗುತ್ತದೆ, ಎರಡನೆಯದಕ್ಕೆ ತಿಣುಕಾಡುತ್ತಾರೆ, ಮೂರನೆಯದಕ್ಕೆ ಇನ್ನೊಬ್ಬರನ್ನು ಕರೆಯಬೇಕು. ಬ್ಯಾಂಕಿನವಳು ಬಂದು ಜಗಳವಾಡಿದಳು: "ಅಕ್ಕಾ, ಗಂಡನ್ನ ಎಬ್ಬಿಸಿ ಗುಂಡಿ ಹಾಕಿಸ್ಕೊಂಡು ಕೆಲಸಕ್ಕೆ ಹೋಗೋ ಹೆಂಗಸು ಯಾವ ಸೀಮೆ ಸ್ವತಂತ್ರಳು, ಹೇಳಿ?" ಅಂಗಿ ಬಲಭುಜದಲ್ಲಿ ತೆರೆಯುತ್ತದೆ. ಎಡಗೈ ಅಷ್ಟು ಹಿಂದಕ್ಕೆ ಹೋಗಿ ಗುಂಡಿ ಹಿಡಿಯಲಾರದು. ಇಡೀ ಊರಿನಲ್ಲಿ ಒಬ್ಬರೇ ಮೆಚ್ಚಿದ್ದಾರೆ, ಶಾಲೆಯ ಚಿತ್ರಕಲೆಯ ಟೀಚರು. ಅವರು ಎಡಚಿ. "ಹುಟ್ಟಿದಾಗಿನಿಂದ ನನ್ನ ಕೈಗೆ ಅಂತ ಹೊಲಿದ ಮೊದಲನೇ ಬಟ್ಟೆ ಕಣ್ರೀ ಇದು," ಎಂದು ಎರಡು ಕೊಂಡರು.

ನೀವು ಹನ್ನೊಂದು ಜನ ದಿನವೂ ಅದನ್ನು ಹೇಗೆ ತೊಡುತ್ತಿದ್ದಿರಿ? ಒಬ್ಬರಿಗೊಬ್ಬರು ಹಾಕಿಕೊಡುತ್ತಿದ್ದಿರಾ? ಅಥವಾ ಫೋಟೋದಲ್ಲಿ ಕಾಣದ ಕೊಕ್ಕೆಯೊಂದಿತ್ತೇ?

ಮೇಡಂ ಕಡ್ಡಿ ತುಂಡುಮಾಡಿದಂತೆ ಹೇಳಿದ್ದಾರೆ: "ಬೆನ್ನಿಗೆ ಜಿಪ್ ಹಾಕಿ. ಭುಜದ ಮೇಲೆ ಗುಂಡಿಗಳನ್ನ ಸುಮ್ನೆ ಹೊಲಿದುಬಿಡಿ, ನೋಡೋಕೆ. ಯಾರು ಬಿಚ್ಚಿ ನೋಡ್ತಾರೆ?" ನವೆಂಬರ್ ಹತ್ತರೊಳಗೆ ಸರಿಪಡಿಸಿದ ಅಂಗಿ ತೋರಿಸದಿದ್ದರೆ ಉಳಿದ ನೂರ ಇಪ್ಪತ್ತು ಬೇಡವಂತೆ. ಅಷ್ಟನ್ನೂ ಆಗಲೇ ಕತ್ತರಿಸಿ ಕಟ್ಟಿಟ್ಟಿದ್ದೇನೆ. ಅವು ನಿಂತರೆ ಅಂಗಡಿಯೂ ನಿಂತ ಹಾಗೆ. ನಾನು ಮತ್ತೆ ಮಾಸ್ಟರ ಮುಂದೆ ಹೋಗಿ ನಿಲ್ಲಬೇಕು.

ನಿಮ್ಮ ಆ ಕಾಲದ ಅಂಗಿ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ ಎನ್ನುತ್ತಾಳೆ ಅಮ್ಮ. ಒಂದು ವಾರಕ್ಕೆ ಕಳುಹಿಸಿಕೊಡಿ. ಅಳೆದು, ಹಾಗೆಯೇ ಹಿಂದಿರುಗಿಸುತ್ತೇನೆ.

ನಿಮ್ಮ
ಕತ್ತರಿ


೯ ಅಕ್ಟೋಬರ್

ಚಿರಂಜೀವಿ ಕತ್ತರಿಗೆ,

ಅಂಗಿ ಇಲ್ಲ. ಬಹಳ ಹಿಂದೆಯೇ ಹಳೆ ಬಟ್ಟೆಯವರಿಗೆ ಕೊಟ್ಟೆ.

ಒಬ್ಬರಿಗೊಬ್ಬರು ಹಾಕಿಕೊಡುತ್ತಿದ್ದೆವೋ ಏನೋ, ನೆನಪಿಲ್ಲ. ಮೇಡಂ ಹೇಳಿದಂತೆ ಜಿಪ್ ಹಾಕು. ಕಾಲಕ್ಕೆ ತಕ್ಕ ಹಾಗೆ ನಡೆಯಬೇಕು.

ದೊಡ್ಡಮ್ಮ


೧೬ ಅಕ್ಟೋಬರ್

ದೊಡ್ಡಮ್ಮನಿಗೆ,

ನಿಮ್ಮ ನಾಲ್ಕು ಸಾಲು ತಲುಪಿತು. ಅಮ್ಮನಿಗೆ ತೋರಿಸಿದೆ. "ಇದು ಅಕ್ಕನ ಅಕ್ಷರ, ಅಕ್ಕನ ಮಾತಲ್ಲ," ಎಂದಳು. ಎಕ್ಸ್‌ಚೇಂಜ್ ಮುಚ್ಚಿದಾಗ ಹರಿದ ತಂತಿಯ ತುಂಡನ್ನೂ ಚೀಟಿ ಅಂಟಿಸಿ ತಂದವರು ನೀವು. ಅಂಗಿಯನ್ನು ಹಳೆ ಬಟ್ಟೆಯವರಿಗೆ ಕೊಟ್ಟಿರಂತೆ. 'ನೆನಪಿಲ್ಲ' ಎಂಬ ಪದವನ್ನು ನಿಮ್ಮ ಬಾಯಿಂದ ನಾನು ಕೇಳಿದ್ದೇ ಇಲ್ಲ.

ನನಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ನಿಮ್ಮ ದುಡಿಮೆಯನ್ನು ನಾನು ಅಂಗಡಿಯ ಗಾಜಿನಲ್ಲಿ ತೂಗುಹಾಕಿದ್ದು ನಿಮಗೆ ಹಿಡಿಸಿಲ್ಲ. ಹಾಗಿದ್ದರೆ ಹಾಗೆಂದೇ ಬೈದು ಬರೆಯಿರಿ. ಬೈಸಿಕೊಳ್ಳುತ್ತೇನೆ. ಆದರೆ ಜಿಪ್ ಹಾಕು ಎನ್ನಬೇಡಿ.

ನಾನು ಜಿಪ್ ಹಾಕುವುದಿಲ್ಲ. ಬಿಚ್ಚಲಾಗದ ಗುಂಡಿಯನ್ನು ನೋಡಲಿಕ್ಕೆಂದು ಹೊಲಿಯುವುದಿಲ್ಲ. ನಿಮ್ಮ ಪಟ್ಟಿ ಅಂಟಿಸಿಕೊಂಡು ಸುಳ್ಳು ಗುಂಡಿ ಮಾರುವುದಕ್ಕಿಂತ ಮಾಸ್ಟರ ಟೇಬಲ್ಲಿಗೆ ವಾಪಸು ಹೋಗುತ್ತೇನೆ. ಅಲ್ಲಿಯೂ ನೆಟ್ಟಗೇ ನಿಲ್ಲುತ್ತೇನೆ. ಅದನ್ನು ನಿಮ್ಮಿಂದಲೇ ಕಲಿತದ್ದು, ಅದನ್ನು ಯಾರೂ ವಾಪಸು ಕೇಳುವಂತಿಲ್ಲ, ನೀವು ಕೂಡ.

ಇನ್ನು ಇಪ್ಪತ್ತೈದು ದಿನಗಳಿವೆ. ದಿನಕ್ಕೊಂದು ಮಾದರಿ ಕತ್ತರಿಸುತ್ತಿದ್ದೇನೆ. ಇಂದಿನದು ಏಳನೆಯದು. ಅದೂ ಎಟುಕಲಿಲ್ಲ.

ಕತ್ತರಿ


೨೪ ಅಕ್ಟೋಬರ್

ಪ್ರೀತಿಯ ಕತ್ತರಿಗೆ,

ಪಾರ್ಸೆಲ್ಲಿನಲ್ಲಿ ಅಂಗಿ ಇದೆ. ಈ ಸಲ ದಯವಿಟ್ಟು ಮೊದಲು ಪತ್ರ ಓದು.

ನಾನು ಸುಳ್ಳು ಬರೆದೆ. ಅಂಗಿ ಪೆಟ್ಟಿಗೆಯಲ್ಲೇ ಇತ್ತು. ನಿನ್ನ ಮೊದಲ ಪಾರ್ಸೆಲ್ ಬಿಚ್ಚಿದ ಗಳಿಗೆಯಲ್ಲೇ ನಿನ್ನ ತಪ್ಪೂ ಕಂಡಿತ್ತು: ನೀನು ಗುಂಡಿಗಳನ್ನು ಬಲಭುಜಕ್ಕೆ ಇಟ್ಟಿದ್ದೆ. ನಮ್ಮವು ಎಡಭುಜದಲ್ಲಿದ್ದವು. ಬಲಗೈಯನ್ನು ಎದೆಯ ಮೇಲಿಂದ ಎಡಭುಜಕ್ಕೆ ದಾಟಿಸಿದರೆ ಮೂರೂ ಗುಂಡಿ ಬೆರಳ ತುದಿಗೆ ಸಿಗುತ್ತವೆ. ಯಾರಿಗೂ ಯಾರೂ ಹಾಕಿಕೊಡಬೇಕಿರಲಿಲ್ಲ. ಎಡಗೈಯಲ್ಲಿ ತಿಂಡಿಯ ಡಬ್ಬಿ ಹಿಡಿದುಕೊಂಡೇ ನಾವು ಗುಂಡಿ ಹಾಕಿಕೊಂಡು ಬೋರ್ಡಿಗೆ ಓಡುತ್ತಿದ್ದೆವು.

ತಪ್ಪು ನಿನ್ನದಲ್ಲ, ಫೋಟೋದ್ದು. ಸ್ಟುಡಿಯೋದವನು ಫಿಲ್ಮನ್ನು ಮಗುಚಿಟ್ಟು ಮುದ್ರಿಸಿದ್ದಾನೆ. ಎಡ ಬಲವಾಗಿದೆ, ಬಲ ಎಡವಾಗಿದೆ. ಬೆನ್ನುಗಳನ್ನು ನೋಡಿ ಅದನ್ನು ಹೇಳಲಾಗದು. ಗಡಿಯಾರದಲ್ಲಿ ಅಂಕಿಗಳೂ ಇಲ್ಲ. ಆದರೆ ಬೆಳಗಿನ ಹತ್ತೂ ಹತ್ತಕ್ಕೆ ಫೋಟೋದವನನ್ನು ಒಳಗೆ ಬಿಡುವ ಎಕ್ಸ್‌ಚೇಂಜ್ ಭೂಮಿಯ ಮೇಲೆ ಇರಲಿಲ್ಲ. ಆಗ ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷವಿತ್ತು. ಬೆಳಗಿನ ಆರರಿಂದ ಕುಳಿತಿದ್ದೆವು. ಎರಡಕ್ಕೆ ನಮ್ಮ ಪಾಳಿ ಮುಗಿಯುತ್ತಿತ್ತು.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ನೀನೇ ಎಣಿಸಬಲ್ಲೆ. ಆದರೂ ನಾನೇ ಬರೆಯಬೇಕು.

ಎಡದಿಂದ ಮೂರನೆಯವಳು ನಾನಲ್ಲ.

ನಾನು ಬಲದಿಂದ ಮೂರನೆಯವಳು. ಬೋರ್ಡಿಗೆ ಹಣೆ ತಾಗುವಷ್ಟು ಬಾಗಿ ಕುಳಿತಿರುವವಳನ್ನು ನೋಡು, ಅದು ನಾನು. ಹಿಂದೆ ನಡೆದಾಡುವ ಸೂಪರ್‌ವೈಸರರ ಬೂಟಿನ ಸದ್ದು ಹತ್ತಿರ ಬಂದಷ್ಟೂ ನನ್ನ ಬೆನ್ನು ಗೂನಾಗುತ್ತಿತ್ತು. ನೆಟ್ಟಗೆ ಕುಳಿತವಳನ್ನು ನಾವು ಸರಳರೇಖೆ ಎನ್ನುತ್ತಿದ್ದೆವು. ಅವಳ ಸ್ವಂತ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಬಳಕೆಯಾಗುತ್ತಿತ್ತು. ಭುಜಗುಂಡಿಯ ಅಂಗಿ ಅವಳದೇ ಯೋಚನೆ. "ಅಂಗಿ ಬದಲಾಯಿಸಲು ಯಾರ ಅಪ್ಪಣೆ?" ಎಂದು ಸೂಪರ್‌ವೈಸರ್ ಗದರಿದಾಗ ಅವಳು ತಿರುಗಿಯೂ ನೋಡದೆ, "ದೂರು ಬರ್ತಿದ್ದಾಗ ಗುಂಡಿ ನಮ್ಮದು ಅಂದ್ರಲ್ಲ ಸಾರ್, ನಮ್ಮ ಗುಂಡಿ ನಾವು ಎಲ್ಲಾದ್ರೂ ಇಟ್ಕೋತೀವಿ," ಎಂದಳು. ಹನ್ನೊಂದು ಅಂಗಿಯನ್ನೂ ತನ್ನ ಕೈಯಾರೆ ಹೊಲಿದಳು. ನನ್ನದು ಈಗ ನಿನ್ನ ಮುಂದಿದೆ.

ಇನ್ನು ಸುಳ್ಳು ಹುಟ್ಟಿದ ಬಗೆ. ಫೋಟೋ ಅಚ್ಚಾಗುವ ಮೊದಲೇ ನಮ್ಮ ಅಮ್ಮನಿಗೆ, ಅಂದರೆ ನಿನ್ನ ಅಜ್ಜಿಗೆ, ಬರೆದಿದ್ದೆ: ಪ್ರತಿ ನೇರವಾಗಿ ಅಂಚೆಯಲ್ಲಿ ಬರುತ್ತದೆ, ನಾನು ಎಡದಿಂದ ಮೂರನೆಯವಳು ಎಂದು. ಕುಳಿತದ್ದು ಹಾಗೆಯೇ. ನಾಲ್ಕು ತಿಂಗಳ ನಂತರ ರಜೆಗೆ ಮನೆಗೆ ಬಂದರೆ ಫೋಟೋ ಚೌಕಟ್ಟಿನೊಳಗಿತ್ತು. ಅಮ್ಮ ನೆರೆಯವರನ್ನೆಲ್ಲ ಕೂರಿಸಿಕೊಂಡು ತೋರಿಸುತ್ತಿದ್ದಳು. "ನೋಡ್ರೀ, ಹತ್ತು ಜನ ಬಗ್ಗಿದಾರೆ. ನಮ್ಮ ಹುಡುಗಿ ಬೆನ್ನು ನೋಡಿ. ಕೂತ್ರೆ ಹಾಗೆ ಕೂರಬೇಕು." ತಪ್ಪನ್ನು ಕಂಡೆ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮೂಲೆಯಲ್ಲಿ ನಿನ್ನ ಅಮ್ಮ ಕಂಡಳು. ಎಂಟು ವರ್ಷದವಳು. ಗೋಡೆಗೆ ಮುಖ ಮಾಡಿ, ಒಂದು ಕೈ ಮೇಲೆತ್ತಿ, ಬೆನ್ನು ನೆಟ್ಟಗೆ ಮಾಡಿ ಕುಳಿತು ಸುಳ್ಳು ಸುಳ್ಳೇ ತಂತಿ ಸಿಕ್ಕಿಸುತ್ತಿದ್ದಳು. ನನ್ನನ್ನು ಕಂಡು, "ಅಕ್ಕಾ, ಹೀಗಾ?" ಎಂದಳು. "ಹೀಗೇ," ಎಂದೆ.

ಆ ಒಂದು ಪದವನ್ನು ನಿಜ ಮಾಡುವುದಕ್ಕೆ ನನಗೆ ಇಡೀ ನೌಕರಿ ಹಿಡಿಯಿತು. ರಜೆ ಮುಗಿಸಿ ಹೋದ ಮೊದಲ ದಿನ ಬೋರ್ಡಿನ ಮುಂದೆ ನೆಟ್ಟಗೆ ಕುಳಿತೆ. ಬೂಟಿನ ಸದ್ದು ಹಿಂದೆ ಬಂದು ನಿಂತಿತು. ಬೆವರು ಇಳಿಯಿತು. ಬಾಗಲಿಲ್ಲ. ಆ ದಿನದ ಮಟ್ಟಿಗೆ ಅಷ್ಟೇ ಗೆಲುವು. ಮರುದಿನ ಮತ್ತೆ ಬಾಗಿದ್ದೂ ಉಂಟು. ಆರು ಕುರ್ಚಿ ಆಚೆಗಿದ್ದ ಸರಳರೇಖೆ ಒಂದು ದಿನ, "ಏನೇ, ಬೆನ್ನಿಗೆ ಹಲಗೆ ಕಟ್ಟಿಸ್ಕೊಂಡು ಬಂದ್ಯಾ?" ಎಂದಳು. ಅವಳಿಗೂ ನಾನು ಕಾರಣ ಹೇಳಲಿಲ್ಲ. ನಿನ್ನ ಗಿರಾಕಿಗಳು ಯಾರಾಗಬೇಕೆಂದುಕೊಂಡಿದ್ದಾರೆ ಎಂದು ನಿನ್ನನ್ನು ಗದರಿದ್ದೆನಲ್ಲ. ಮತ್ತೊಬ್ಬಳ ಬೆನ್ನನ್ನು ನೋಡಿ ತನ್ನ ಬೆನ್ನನ್ನು ತಿದ್ದಿಕೊಂಡವಳು ನಾನೇ. ನನಗೆ ಆ ಪ್ರಶ್ನೆ ಕೇಳುವ ಹಕ್ಕಿರಲಿಲ್ಲ.

ನಿನಗೆ ಏಕೆ ಮೊದಲೇ ಹೇಳಲಿಲ್ಲ? ಅಂಗಿ ಕಳುಹಿಸಿದರೆ ಭುಜ ತಿಳಿಯುತ್ತದೆ. ಭುಜ ತಿಳಿದರೆ ಫೋಟೋ ತಿಳಿಯುತ್ತದೆ. ಫೋಟೋ ತಿಳಿದರೆ 'ನೀವೇ ಆಗಬೇಕು' ಎಂದು ನೀನು ಬರೆದ ಸಾಲು ಮತ್ತೊಬ್ಬಳ ಮನೆಗೆ ಹೋಗುತ್ತದೆ. ಈ ವಯಸ್ಸಿನಲ್ಲಿ ಅದನ್ನು ಬಿಟ್ಟುಕೊಡಲು ಕಷ್ಟವಾಯಿತು. ಆದರೆ ನೀನು ಸುಳ್ಳು ಗುಂಡಿ ಹೊಲಿಯುವುದಿಲ್ಲ ಎಂದು ಬರೆದೆ. ನಾನು ನಲವತ್ತೇಳು ವರ್ಷಗಳಿಂದ ಒಂದನ್ನು ಹೊಲಿದಿಟ್ಟುಕೊಂಡಿದ್ದೇನೆ.

ಅಳತೆ ತೆಗೆದುಕೊ. ಹತ್ತನೆಯ ತಾರೀಖು ಹತ್ತಿರವಿದೆ.

ದೊಡ್ಡಮ್ಮ


೩ ನವೆಂಬರ್

ದೊಡ್ಡಮ್ಮನಿಗೆ ನಮಸ್ಕಾರಗಳು.

ಪತ್ರ ಮೊದಲು ಓದಿದೆ. ಓದಿ ಮುಗಿಸಿ ಫೋಟೋವನ್ನು ಗೋಡೆಯಿಂದಿಳಿಸಿ ದೊಡ್ಡ ಕನ್ನಡಿಯೆದುರು ಹಿಡಿದೆ. ಕನ್ನಡಿಯೊಳಗೆ ಗಡಿಯಾರ ಎರಡಕ್ಕೆ ಹತ್ತು ನಿಮಿಷ ತೋರಿಸಿತು. ಎಡದಿಂದ ಮೂರನೆಯ ಕುರ್ಚಿಯಲ್ಲಿ ಸಣ್ಣವಳೊಬ್ಬಳು ಬಾಗಿ ಕುಳಿತಿದ್ದಳು. ಇಷ್ಟು ವರ್ಷ ಅವಳನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಕೋಪ ಬಂತು ಎಂದು ಬರೆಯದಿದ್ದರೆ ನಾನೂ ಸುಳ್ಳು ಬರೆದಂತೆ. ಒಂದು ದಿನ ಬಂತು. ಅಮ್ಮನಿಗೆ ಪತ್ರ ಕೊಟ್ಟೆ. ಅವಳು ನಿಧಾನವಾಗಿ ಓದಿ, ಮಡಿಸಿ, "ನಾನು ಕಣ್ಣಾರೆ ಕಂಡ ಅಕ್ಕನ ಬೆನ್ನು ನೆಟ್ಟಗೇ ಇತ್ತು. ಫೋಟೋದಲ್ಲಿ ಯಾರು ಕೂತಿದ್ರೆ ನನಗೇನು?" ಎಂದಳು. ಆಮೇಲೆ, "ನಂದೂ ನೆಟ್ಟಗಿದೆ ತಾನೆ?" ಎಂದು ಕೇಳಿದಳು. ಇದೆ, ದೊಡ್ಡಮ್ಮ. ಇವತ್ತಿಗೂ ಇದೆ.

ಈಗ ಕೆಲಸದ ಮಾತು. ಕತ್ತರಿಸಿಟ್ಟ ನೂರ ಇಪ್ಪತ್ತು ಅಂಗಿಯ ತುಂಡುಗಳನ್ನು ನೆಲದ ಮೇಲೆ ಹರಡಿಕೊಂಡು ತಲೆಮೇಲೆ ಕೈಹೊತ್ತು ಕುಳಿತಿದ್ದೆ. ಎಲ್ಲವೂ ಬಲಭುಜದವು. ಅಷ್ಟು ಬಟ್ಟೆ ಹೊಸದಾಗಿ ತರುವ ಶಕ್ತಿ ನನಗಿಲ್ಲ. ನಿಮ್ಮ ಅಂಗಿಯನ್ನು ಅಳೆಯಲೆಂದು ಒಳಗಿನದು ಹೊರಗಾಗುವಂತೆ ತಿರುಗಿಸಿದೆ. ಗುಂಡಿಗಳು ಬಲಕ್ಕೆ ಬಂದವು. ಮನೆಯೇ ಹಾರಿಹೋಗುವ ಹಾಗೆ ಕೂಗಿಕೊಂಡೆನಂತೆ, ಅಮ್ಮ ಒಲೆ ಬಿಟ್ಟು ಓಡಿಬಂದಳು.

ಫೋಟೋದವನು ಫಿಲ್ಮನ್ನು ಮಗುಚಿದ. ನಾನು ಬಟ್ಟೆಯನ್ನು ಮಗುಚಿದೆ. ಇನ್ನೂ ಹೊಲಿಯದ ತುಂಡುಗಳಲ್ಲಿ ತೊಂಬತ್ತು ಅಂಗಿಯವು ಸಾದಾ ನೇಯ್ಗೆ. ಒಳಗೂ ಹೊರಗೂ ಒಂದೇ. ಒಂದೊಂದನ್ನೂ ತಿರುವಿಹಾಕಿದರೆ ಬಲಭುಜ ಎಡಭುಜವಾಗುತ್ತದೆ. ಕಾರ್ಖಾನೆಯಲ್ಲಿ ಇದನ್ನು ತಪ್ಪೆಂದು ಎಷ್ಟು ಸಲ ಬೈಸಿಕೊಂಡಿಲ್ಲ! ಉಳಿದ ಮೂವತ್ತು ಹೂವಿನ ಅಚ್ಚಿನವು, ಅವಕ್ಕೆ ಒಳಹೊರಗಿದೆ, ತಿರುಗಿಸಲಾಗದು. ಅವನ್ನು ಚಿತ್ರಕಲೆಯ ಟೀಚರಿಗೆ ತೋರಿಸಿದೆ. "ನಮ್ಮ ಶಾಲೆಯಲ್ಲೇ ಎಡಗೈಯವರು ನಾಲ್ಕು ಜನ ಇದೀವಿ. ನಮ್ಮ ಗುಂಪು ದೊಡ್ಡದು ಕಣ್ರೀ, ಎಲ್ಲರೂ ಬಲಗೈ ಹಿಂದೆ ಅವಿತಿರ್ತಾರೆ ಅಷ್ಟೆ. ಒಂದೂ ಕೆಡಿಸ್ಬೇಡಿ," ಎಂದರು. ಅವನ್ನು ಎಡಗೈಯವರಿಗೆಂದೇ ಹೊಲಿಯುತ್ತಿದ್ದೇನೆ.

ನಿನ್ನೆ ಮೇಡಂ ಬಂದಿದ್ದರು. ತಿರುವಿಹಾಕಿ ಹೊಲಿದ ಮೊದಲ ಅಂಗಿಯನ್ನು ಅವರಿಗೇ ತೊಡಿಸಿದೆ. ಅಷ್ಟರಲ್ಲಿ ಅವರಿಗೆ ಫೋನು ಬಂತು. ಎಡಗೈಯಲ್ಲಿ ಫೋನನ್ನು ಕಿವಿಗೊತ್ತಿಕೊಂಡು ಯಾರನ್ನೋ ಗದರುತ್ತಲೇ, ಬಲಗೈಯನ್ನು ಭುಜಕ್ಕೆ ದಾಟಿಸಿ ಮೂರೂ ಗುಂಡಿ ಹಾಕಿಕೊಂಡುಬಿಟ್ಟರು. ಹಾಕಿಕೊಂಡದ್ದು ಅವರಿಗೇ ಗೊತ್ತಾಗಲಿಲ್ಲ. ಫೋನಿಟ್ಟು, ಭುಜ ಮುಟ್ಟಿ ನೋಡಿಕೊಂಡು, "ಜಿಪ್ ಬೇಡ," ಎಂದರು. ಅಷ್ಟೇ. ಮಾರಿಹೋದ ಅರವತ್ತನ್ನು ತಂದವರಿಗೆಲ್ಲ ಬದಲಿಸಿ ಕೊಡುತ್ತೇನೆ ಎಂದು ಬರೆದುಕೊಟ್ಟಿದ್ದೇನೆ. ಬ್ಯಾಂಕಿನವಳದು ಮೊದಲನೆಯದು.

ಒಂದು ಮಾತ್ರ ನನಗೆ ಬಗೆಹರಿಯುತ್ತಿಲ್ಲ. ಕುತ್ತಿಗೆಯ ಪಟ್ಟಿಯಲ್ಲಿರುವುದು ಸರಳರೇಖೆ. ಅವರ ಅಪ್ಪಣೆಯಿಲ್ಲದೆ ಅವರನ್ನು ಕೂರಿಸಿದ್ದೇನೆ. ತೆಗೆಯಲೇ? ಅವರು ಎಲ್ಲಿದ್ದಾರೆ? ಅಂಗಡಿಯ ಹೆಸರನ್ನೂ ನೀವೇ ಹೇಳಬೇಕು. ನಿಮ್ಮ ಅಳತೆಗೆ ಎಡಭುಜದ ಅಂಗಿಯೊಂದನ್ನು ಕಳುಹಿಸಿದ್ದೇನೆ. ಕೆಳಗಿನ ಮಡಿಕೆ ಅರ್ಧ ಬೆರಳು ಹೆಚ್ಚಿಸಿದೆ.

ನಿಮ್ಮ
ಕತ್ತರಿ


೧೨ ನವೆಂಬರ್

ಪ್ರೀತಿಯ ಕತ್ತರಿಗೆ,

ಬಟ್ಟೆಯನ್ನು ಮಗುಚಿಹಾಕಿದ ಬುದ್ಧಿಗೆ ನೂರಕ್ಕೆ ನೂರು. ಇಂಥ ಅಂಕವನ್ನು ನಾನು ಸುಲಭಕ್ಕೆ ಕೊಡುವವಳಲ್ಲವೆಂದು ನಿನಗೆ ಗೊತ್ತಿದೆ.

ಸರಳರೇಖೆ ಮೂರು ವರ್ಷದ ನಂತರ ಬೇರೆ ಎಕ್ಸ್‌ಚೇಂಜಿಗೆ ವರ್ಗವಾಗಿ ಹೋದಳು. ನನ್ನ ಪತ್ರಗಳಿಗೆ ಉತ್ತರ ನಿಂತು ಇಪ್ಪತ್ತು ವರ್ಷವಾಯಿತು. ಹಳೆಯ ವಿಳಾಸಕ್ಕೆ ಇವತ್ತು ಮತ್ತೊಂದು ಬರೆದಿದ್ದೇನೆ. ನನ್ನ ಬೆನ್ನಿಗೆ ಹಲಗೆ ಎಲ್ಲಿ ಸಿಕ್ಕಿತೆಂದು ಈಗಲಾದರೂ ಅವಳಿಗೆ ಹೇಳಬೇಕು. ಅವಳನ್ನು ಪಟ್ಟಿಯಿಂದ ತೆಗೆಯಬೇಡ. ಅಂಗಿ ಅವಳದು, ಕೂರುವ ಹಕ್ಕೂ ಅವಳದೇ. ಕೆಳಗೆ ಅವಳ ಅಡ್ಡಹೆಸರನ್ನು ಹಾಕು. ಆದರೆ ಅವಳನ್ನು ಸರಿಯಾದ ಕಡೆಗೆ ತಿರುಗಿಸು, ಗಡಿಯಾರವನ್ನೂ ತಿದ್ದು. ಹತ್ತೂ ಹತ್ತು ಎಂಬುದು ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಗಡಿಯಾರಗಳು ತೋರಿಸುವ ವೇಳೆ. ನಮ್ಮದು ಎರಡಕ್ಕೆ ಹತ್ತು ನಿಮಿಷ: ಎಂಟು ಗಂಟೆ ದುಡಿದು ಸೊಂಟ ಬಿದ್ದುಹೋಗಿದ್ದರೂ ಇನ್ನೂ ಹತ್ತು ನಿಮಿಷ ಬೋರ್ಡು ಬಿಟ್ಟು ಏಳದ ಹೆಂಗಸರ ವೇಳೆ. ಅಂಗಡಿಗೆ ಆ ಹೆಸರಿಡು. ಯಾರಾದರೂ ಕಾರಣ ಕೇಳಿದರೆ, ಬಾಗಿ ಕುಳಿತಿದ್ದ ಹತ್ತು ಜನರ ಕಥೆಯನ್ನೂ ಹೇಳು. ನೆಟ್ಟಗೆ ಕೂರಲು ಕಲಿಯಬೇಕಾದವರಿಗೆ ನಮ್ಮ ಕಥೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನೀನು ಕಳುಹಿಸಿದ ಅಂಗಿಯನ್ನು ಈ ಸಲ ತೊಟ್ಟೆ. ಬೆರಳ ಗಂಟುಗಳು ಹಿಡಿದುಕೊಂಡಿವೆ. ಮೂರನೆಯ ಗುಂಡಿಗೆ ಬಹಳ ಹೊತ್ತು ಬೇಕಾಯಿತು. ಯಾರನ್ನೂ ಕರೆಯಲಿಲ್ಲ. ತೊಟ್ಟುಕೊಂಡು ನೇರ ಸ್ಟುಡಿಯೋಗೆ ನಡೆದೆ. "ಅಜ್ಜಿ, ಈ ಕಡೆ ತಿರುಗಿ," ಎಂದ ಫೋಟೋದವನು. "ನಾನು ತಿರುಗಲ್ಲಪ್ಪ, ಬೆನ್ನನ್ನೇ ತೆಗಿ. ನಿನ್ನ ಅಂಕಿ ಇರೋ ಗಡಿಯಾರ ನನ್ನ ತಲೆ ಮೇಲೆ ಬರಲಿ," ಎಂದೆ. "ಮುಖ ಬೇಡ್ವಾ?" ಎಂದ. "ಮುಖ ಎಲ್ಲರೂ ನೋಡಿದ್ದಾರೆ," ಎಂದೆ. ಮುದ್ರಿಸುವಾಗ ಪಕ್ಕದಲ್ಲೇ ನಿಂತಿದ್ದು, ಅಂಕಿಗಳನ್ನು ಒಂದೊಂದಾಗಿ ಓದಿ ನೋಡಿ ಹಣ ಕೊಟ್ಟೆ.

ಫೋಟೋ ಇದರೊಳಗಿದೆ. ಹಳೆಯದರ ಪಕ್ಕದಲ್ಲಿ ಹಾಕು. ಹಳೆಯದರ ಹಿಂದೆ 'ಎಡದಿಂದ ಮೂರನೆಯವಳು ನಮ್ಮ ಹುಡುಗಿ' ಎಂದು ನಮ್ಮಮ್ಮ ಬರೆದದ್ದನ್ನು ಅಳಿಸಬೇಡ, ಅದು ಅವಳ ಅಕ್ಷರ. ಹೊಸದರ ಹಿಂದೆ ನಾನೇ ಬರೆದಿದ್ದೇನೆ:

'ಇದರಲ್ಲಿ ಒಬ್ಬಳೇ ಇದ್ದೇನೆ. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ನಾನೇ.'

ನಿನ್ನ
ದೊಡ್ಡಮ್ಮ